ಅಗ್ಗದ ಕೈಮಿಲ್ಲನ್ನು ಎಸ್ಪ್ರೆಸೊ ಕಾಫಿಗೆ ಹದಗೊಳಿಸುವ ಕ್ರಮ



ಅಡಿಕೆಯ ವಿಷಯದಲ್ಲಿ ನಮ್ಮನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ಒಂದು ಹೋಳನ್ನು ಕೈಗೆ ತೆಗೆದುಕೊಂಡು, ಬಣ್ಣ ನೋಡಿ, ಹಲ್ಲಿನಲ್ಲಿ ಕಚ್ಚಿ, ಇದು ಸರಕೋ ಬೆಟ್ಟೆಯೋ ರಾಶಿಯೋ ಗೊರಬಲೋ ಎಂದು ನಿಂತಲ್ಲಿಯೇ ಹೇಳುತ್ತೇವೆ. ಆದರೆ ಅದೇ ತೋಟದ ಕಾಫಿಯ ಮಾತು ಬಂದಾಗ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಕೊಳ್ಳುವವರು “ಕಪ್ಪಿನಲ್ಲಿ ರುಚಿ ಸರಿಯಿಲ್ಲ” ಎಂದರೆ ಒಪ್ಪಿಕೊಂಡು ಬರುತ್ತೇವೆ. ಏಕೆಂದರೆ ನಮ್ಮ ಕಾಫಿಯ ರುಚಿಯನ್ನು ನಾವೇ ನೋಡಿಲ್ಲ. ಮನೆಯಲ್ಲಿ ಕುಡಿಯುವುದು ಪೇಟೆಯಿಂದ ತಂದ, ಚಿಕೋರಿ ಬೆರೆಸಿದ ಪುಡಿಯನ್ನು!

ಪೂಲ್ ಪದ್ಧತಿಯ ಕಾಲದಲ್ಲಿ ಎಲ್ಲರ ಕಾಫಿಯೂ ಮಂಡಳಿಗೆ ಹೋಗುತ್ತಿತ್ತು. ಆಗ ರುಚಿಯ ಚಿಂತೆ ನಮ್ಮದಾಗಿರಲಿಲ್ಲ. 1996ರಲ್ಲಿ ಮಾರಾಟವು ಪೂರ್ಣ ಮುಕ್ತವಾದ ಮೇಲೆ ಆ ಚಿಂತೆ ನಮ್ಮ ಕಣಕ್ಕೇ ಬಂದು ಕುಳಿತಿದೆ. ನಮ್ಮ ದೇಶದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ರಾಷ್ಟ್ರಗಳಲ್ಲಿ ಇಟಲಿ ಮೊದಲ ಸಾಲಿನಲ್ಲಿದೆ. ಅಲ್ಲಿ ನಮ್ಮ ರೊಬಸ್ಟಾ ಎಸ್ಪ್ರೆಸೊ ಮಿಶ್ರಣಗಳಿಗೆ ಸೇರುತ್ತದೆ. ಆದಕಾರಣ ನಮ್ಮ ರೊಬಸ್ಟಾ ಹೇಗಿದೆ ಎಂದು ತಿಳಿಯಬೇಕಾದರೆ, ಅದನ್ನು ಕುಡಿಯುವವರು ಮಾಡಿಕೊಳ್ಳುವ ರೀತಿಯಲ್ಲೇ ಒಮ್ಮೆಯಾದರೂ ಮಾಡಿ ನೋಡುವುದು ಯುಕ್ತ. ಈ ಪಾಠವು ಅದರ ಮೊದಲ ಮೆಟ್ಟಿಲಾದ ಮಿಲ್ಲಿನ ಕುರಿತಾದದ್ದು.

ಪಾಠಕ್ಕೆ ಕಾರಣವಾದ ಸಂಗತಿ

ಹಿಂದಿನ ಕೊಯ್ಲಿನ ನಂತರ ನಮ್ಮ ಸದಸ್ಯರೊಬ್ಬರು ಎರಡು ಚೀಲ ರೊಬಸ್ಟಾ ಪಾರ್ಚ್‌ಮೆಂಟಿನ ಮಾದರಿಯೊಂದಿಗೆ ಸಂಘದ ಕಚೇರಿಗೆ ಬಂದರು. ಅವರ ಮಗ ಬೆಂಗಳೂರಿನಿಂದ ಒಂದು ಸಣ್ಣ ಎಸ್ಪ್ರೆಸೊ ಯಂತ್ರವನ್ನೂ ಅಗ್ಗದ ಕೈಮಿಲ್ಲನ್ನೂ ತಂದುಕೊಟ್ಟಿದ್ದನು. ಸ್ವಂತ ಬೀಜವನ್ನು ಹುರಿದು, ಪುಡಿ ಮಾಡಿ, ಕಾಫಿ ಇಳಿಸಿದರೆ ಒಂದು ಸಲ ನೀರು ನೀರು, ಹುಳಿ. ಇನ್ನೊಂದು ಸಲ ಕಷಾಯದಂಥ ಕಹಿ. “ಕಾರ್ಯದರ್ಶಿಗಳೇ, ಇನ್ನು ಪಲ್ಪಿಂಗ್ ಸಾಕು. ಮುಂದಿನ ವರ್ಷ ಹಣ್ಣನ್ನೆಲ್ಲ ಕಣಕ್ಕೆ ಸುರಿದು ಚೆರ್ರಿಯನ್ನೇ ಮಾಡಿಬಿಡ್ತೇನೆ. ಇಷ್ಟು ಕಷ್ಟಪಟ್ಟು ಇಂಥ ಕಾಫಿ ಮಾಡೋದು ಯಾವ ಪುರುಷಾರ್ಥಕ್ಕೆ?” ಎಂದರು.

ನಾವು ಬೀಜವನ್ನು ನೋಡಿದೆವು. ಬಣ್ಣ ಸಮವಾಗಿತ್ತು, ವಾಸನೆ ಶುದ್ಧವಾಗಿತ್ತು. ಅವರ ಮಿಲ್ಲಿನ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿದೆವು. ರವೆಯಂಥ ಕಾಳು, ಮೈದಾದಂಥ ಧೂಳು ಎರಡೂ ಬೆರೆತಿದ್ದವು. ಮಿಲ್ಲಿನ ತಪ್ಪನ್ನು ಅವರು ಬೀಜದ ತಲೆಗೆ ಕಟ್ಟಿದ್ದರು. ಒಂದು ಮಿಲ್ಲಿನ ದೆಸೆಯಿಂದ ಒಂದು ಪಲ್ಪರ್ ಮೂಲೆ ಸೇರುವುದರಲ್ಲಿತ್ತು.

ಎಸ್ಪ್ರೆಸೊ ಎಂದರೇನು?

ಹಬೆಯ ಒತ್ತಡದಿಂದ ಬೇಗ ಕಾಫಿ ಇಳಿಸುವ ಯಂತ್ರಕ್ಕೆ 1884ರಲ್ಲಿ ಇಟಲಿಯ ತೂರಿನ್ ನಗರದ ಆಂಜೆಲೊ ಮೊರಿಯೊಂಡೊ ಪೇಟೆಂಟ್ ಪಡೆದರು. 1901ರಲ್ಲಿ ಮಿಲಾನ್ ನಗರದ ಲುಯಿಜಿ ಬೆತ್ಸೆರಾ ಅದನ್ನು ಒಂದೊಂದು ಕಪ್ಪಿಗೆ ಹೊಂದಿಸಿದರು. ಅಕಿಲೆ ಗಾಜಿಯಾ ಅವರ ಸನ್ನೆಯ ಯಂತ್ರವು 1948ರ ವೇಳೆಗೆ ಬಂದ ಮೇಲೆ, ಹಬೆಯ ಬದಲು ಬಿಸಿನೀರನ್ನೇ ಹೆಚ್ಚು ಒತ್ತಡದಲ್ಲಿ ತಳ್ಳುವುದು ಸಾಧ್ಯವಾಗಿ, ಮೇಲೆ ಹೊಂಬಣ್ಣದ ನೊರೆ ನಿಲ್ಲುವ ಇಂದಿನ ಎಸ್ಪ್ರೆಸೊ ರೂಪುಗೊಂಡಿತು.

ಇಟಲಿಯ ರೂಢಿಯ ಅಳತೆ ಹೀಗಿದೆ: ಪುಡಿ 7 ಗ್ರಾಂ, ಒತ್ತಡ 9 ಬಾರ್, ಸಮಯ 25 ಸೆಕೆಂಡು, ಇಳಿಯುವ ಕಾಫಿ 25 ಮಿಲಿಲೀಟರ್. ಒಂಬತ್ತು ಬಾರ್ ಎಂದರೆ ಎಷ್ಟು? ಸ್ಪ್ರಿಂಕ್ಲರ್ ಇಟ್ಟಿರುವ ಸದಸ್ಯರಿಗೆ ಸುಲಭವಾಗಿ ಹೇಳಬಹುದು: ಸುಮಾರು 90 ಮೀಟರ್ ಎತ್ತರದಿಂದ ಬೀಳುವ ನೀರಿನ ಹೆಡ್ಡಿಗೆ ಸಮ. ಅಷ್ಟು ಒತ್ತಡದ ನೀರನ್ನು ತಡೆದು ನಿಧಾನಗೊಳಿಸುವುದಕ್ಕೆ ಇರುವುದು ಬೆರಳಗಲದ ಪುಡಿಯ ಬಿಲ್ಲೆ ಮಾತ್ರ.

ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ತೊಟ್ಟಿಕ್ಕುತ್ತದೆ. ಪುಡಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ಡಿಕಾಕ್ಷನ್ ಇಳಿಯಲು ಕೆಲವು ನಿಮಿಷ ಹೆಚ್ಚು ಕಡಿಮೆ ಆಗುತ್ತದೆ, ಅಷ್ಟೆ. ಎಸ್ಪ್ರೆಸೊದಲ್ಲಿ ಹಾಗಲ್ಲ. ಕೂದಲೆಳೆಯಷ್ಟು ದಪ್ಪವಾದರೆ ನೀರು ನುಗ್ಗಿ ಹೋಗುತ್ತದೆ. ಅಷ್ಟೇ ಸಣ್ಣವಾದರೆ ಹನಿಯೂ ಬೀಳದು. ಪುಡಿ ಏಕಪ್ರಕಾರವಾಗಿರದಿದ್ದರೆ ಮತ್ತೊಂದು ತೊಂದರೆ: ಗದ್ದೆಯ ಅಂಚಿನಲ್ಲಿ ಏಡಿಬಿಲವಿದ್ದರೆ ನೀರೆಲ್ಲ ಅದರಲ್ಲೇ ಹರಿದುಹೋಗುವಂತೆ, ಇಲ್ಲಿಯೂ ನೀರು ಸಡಿಲವಾದ ಜಾಗ ಹುಡುಕಿಕೊಂಡು ಓಡುತ್ತದೆ. ಓಡಿದ ದಾರಿಯ ಪುಡಿ ಅತಿಯಾಗಿ ತೊಳೆದು ಕಹಿಯಾಗುತ್ತದೆ. ಉಳಿದ ಪುಡಿಯ ಸಾರ ಇಳಿಯದೆ ಹುಳಿ ಉಳಿಯುತ್ತದೆ. ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಸೇರಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಮಿಲ್ಲನ್ನು, ಬೀಜವನ್ನಲ್ಲ.

ಅಗ್ಗದ ಮಿಲ್ಲಿನ ಮೂರು ದೋಷಗಳು

ಮಿಕ್ಸಿಯಂತೆ ಬ್ಲೇಡು ತಿರುಗುವ ಯಂತ್ರ ಈ ಕೆಲಸಕ್ಕೆ ಬಾರದು; ಅದು ಕತ್ತರಿಸುತ್ತದೆ, ಅರೆಯುವುದಿಲ್ಲ. ನಮಗೆ ಬೇಕಾದದ್ದು ಹಲ್ಲಿರುವ ಮಿಲ್ಲು. ಇದರಲ್ಲಿ ಹೊರಗೊಂದು ಹಲ್ಲಿನ ಬಳೆ, ಒಳಗೊಂದು ಹಲ್ಲಿನ ಶಂಕು. ಬಳೆ ಅಲುಗದು, ಹಿಡಿಕೆ ತಿರುಗಿಸಿದಂತೆ ನಡುದಂಡದೊಡನೆ ಶಂಕು ತಿರುಗುತ್ತದೆ. ಮೇಲಿನ ಸ್ಪ್ರಿಂಗ್ ಶಂಕುವನ್ನು ಕೆಳಗೆ ಒತ್ತಿರುತ್ತದೆ, ಅಡಿಯ ಚಕ್ರನಟ್ಟು ಅದನ್ನು ಮೇಲಕ್ಕೆ ಹಿಡಿದಿರುತ್ತದೆ. ನಟ್ಟನ್ನು ಬಿಗಿದರೆ ಶಂಕು ಮೇಲೇರಿ ಸಂದು ಕಿರಿದಾಗಿ ಪುಡಿ ನುಣ್ಣಗಾಗುತ್ತದೆ. ಪಲ್ಪರಿನ ಉರುಳೆಗೂ ಎದುರು ಪಟ್ಟಿಗೂ ನಡುವಿನ ಸಂದನ್ನು ಹೊಂದಿಸಿದವರಿಗೆ ಇದು ಹೊಸತೇನಲ್ಲ. ದೋಷಗಳು ಇವು:

1. ನಡುದಂಡದ ಅಲುಗಾಟ. ಬೀಸುವ ಕಲ್ಲಿನ ಗೂಟ ಸಡಿಲವಾದರೆ ರಾಗಿಹಿಟ್ಟಿನಲ್ಲಿ ತರಿ ಉಳಿಯುವುದಿಲ್ಲವೇ, ಹಾಗೆ. ಒಂದು ಕಡೆ ಸಂದು ಹಿಗ್ಗಿದಾಗ ಇನ್ನೊಂದು ಕಡೆ ಕುಗ್ಗಿರುತ್ತದೆ. ರವೆ, ಧೂಳು ಎರಡೂ ಬರುತ್ತವೆ.

2. ಬಳೆಯ ವಾರೆ. ಬಳೆಯನ್ನು ಕೂರಿಸಿದ ಜಾಗ ನಿಖರವಾಗಿರುವುದಿಲ್ಲ. ಶಂಕು ಅದರ ಸರಿಯಾದ ನಡುವಿಗೆ ಬರುವುದಿಲ್ಲ.

3. ಮೆಟ್ಟಿಲುಗಳ ಅಂತರ. ಚಕ್ರನಟ್ಟಿನಲ್ಲಿ 12 ಗುಳಿಗಳಿವೆ. ಒಂದು ಗುಳಿಯಿಂದ ಇನ್ನೊಂದಕ್ಕೆ ‘ಟಿಕ್’ ಎಂದು ಜಾರುತ್ತದೆ, ನಡುವೆ ನಿಲ್ಲದು.

ಮೂರನೆಯದನ್ನು ಲೆಕ್ಕದಿಂದ ನೋಡೋಣ. ಸದಸ್ಯರ ಮಿಲ್ಲಿನಲ್ಲಿ ನಟ್ಟನ್ನು ಹತ್ತು ಪೂರ್ಣ ಸುತ್ತು ತಿರುಗಿಸಿ ಅಳೆದಾಗ ಅದು 10 ಮಿ.ಮೀ. ಸರಿದಿತ್ತು, ಅಂದರೆ ಸುತ್ತಿಗೆ 1 ಮಿ.ಮೀ. ಅದನ್ನು 12ರಿಂದ ಭಾಗಿಸಿದರೆ ಒಂದು ಮೆಟ್ಟಿಲಿಗೆ ಶಂಕು ಸುಮಾರು 0.083 ಮಿ.ಮೀ. ಏರುತ್ತದೆ. ಶಂಕುವಿನ ಮೈ ಇಳಿಜಾರಾದ್ದರಿಂದ ನಿಜವಾದ ಸಂದಿನ ಬದಲಾವಣೆ ಇದಕ್ಕಿಂತ ಕಡಿಮೆ. ಆದರೂ ಫಿಲ್ಟರಿಗೆ ಸಾಕಾಗುವ ಈ ಮೆಟ್ಟಿಲು ಎಸ್ಪ್ರೆಸೊಗೆ ತೀರ ಎತ್ತರ. ಅದನ್ನೇ ಮೂರು ಭಾಗ ಮಾಡಿದರೆ 0.028 ಮಿ.ಮೀ. ಆಗುತ್ತದೆ, ಆಗ ಕೆಲಸ ನಡೆಯುತ್ತದೆ.

ಬೇಕಾಗುವ ಸಾಮಾನು

ಸಣ್ಣ ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್, ದಂಡದ ಅಳತೆಗೆ ಸರಿಹೊಂದುವ ಸ್ಟೇನ್‌ಲೆಸ್ ಸ್ಟೀಲಿನ ಒಂದು ನಟ್ಟು ಮತ್ತು ಒಂದು ಚಪ್ಪಟೆ ವಾಷರ್, ನಲ್ಲಿಗೆ ಸುತ್ತುವ ಬಿಳಿ ಟೇಪು, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಒಂದು ತುಂಡು, ಶಾಲೆಯ ಬಿಳಿ ಹಲಗೆಗೆ ಬರೆಯುವ ಮಾರ್ಕರ್, ಚೂಪಾದ ಅರ, ಗ್ರಾಂ ತೋರಿಸುವ ಸಣ್ಣ ತಕ್ಕಡಿ. ತಕ್ಕಡಿಯೊಂದನ್ನು ಬಿಟ್ಟರೆ ಉಳಿದವುಗಳ ಖರ್ಚು ಅಲ್ಪವೇ.

ಕೆಲಸದ ಕ್ರಮ

ಮೊದಲನೆಯ ಹಂತ: ಬಿಚ್ಚುವುದು. ಒಗೆದ ಬಿಳಿ ಪಂಚೆಯ ಮೇಲೆ ಮಿಲ್ಲನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಸಾಲಾಗಿ ಇಡಿರಿ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡುವುದು ಒಳ್ಳೆಯದು. ಹಳೆಯ ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಉಕ್ಕಿನ ಹಲ್ಲಿಗೆ ನೀರು ಸೋಕಿಸಬೇಡಿ, ತುಕ್ಕು ಹಿಡಿಯುತ್ತದೆ.

ಎರಡನೆಯ ಹಂತ: ದಂಡವನ್ನು ಬಿಗಿಗೊಳಿಸುವುದು. ದಂಡವು ಹಾದುಹೋಗುವ ಬುಷ್ಷನ್ನು ಪರೀಕ್ಷಿಸಿ. ಬುಷ್ಷು ತಾನು ಕುಳಿತ ಗೂಡಿನಲ್ಲಿ ಅಲುಗುತ್ತಿದ್ದರೆ, ಅದರ ಹೊರಮೈಗೆ ಬಿಳಿ ಟೇಪನ್ನು ಒಂದೆರಡು ಸುತ್ತು ಸುತ್ತಿ ಮತ್ತೆ ಒತ್ತಿ ಕೂರಿಸಿ. ಬೀಸುವ ಕಲ್ಲಿನ ಗೂಟಕ್ಕೆ ಬಟ್ಟೆ ಸುತ್ತಿದ ಹಾಗೆಯೇ ಇದು. ಹೊರಗೆ ಚಾಚಿದ ಟೇಪಿನ ಅಂಚನ್ನು ಕತ್ತರಿಸಿ ತೆಗೆಯಿರಿ. ಆದರೆ ತಿರುಗುವ ದಂಡಕ್ಕೆ ಎಂದೂ ಟೇಪು ಸುತ್ತಬಾರದು. ಅದು ಸವೆದು ಚೂರಾಗಿ ಕಾಫಿಗೆ ಸೇರುತ್ತದೆ. ಬುಷ್ಷಿನ ತೂತೇ ಸವೆದು ದೊಡ್ಡದಾಗಿದ್ದರೆ ಹೊಸ ಬುಷ್ಷು ಹಾಕಿಸುವುದೊಂದೇ ದಾರಿ; ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ಆಹಾರಕ್ಕೆ ತಾಗುವ ಭಾಗವೆಂದು ಅವರಿಗೆ ಮೊದಲೇ ತಿಳಿಸಿ.

ಮೂರನೆಯ ಹಂತ: ಬಳೆಯನ್ನು ನಡುವಿಗೆ ತರುವುದು. ಬಳೆಯ ಹಲ್ಲಿನ ಅಂಚಿಗೂ ಶಂಕುವಿನ ಅಂಚಿಗೂ ಮಾರ್ಕರಿನಿಂದ ತೆಳುವಾಗಿ ಬಣ್ಣ ಬಳಿದು ಮಿಲ್ಲನ್ನು ಜೋಡಿಸಿ. ಹಲ್ಲುಗಳು ಒಂದಕ್ಕೊಂದು ಮೆಲ್ಲಗೆ ತಾಗುವವರೆಗೆ ನಟ್ಟನ್ನು ಬಿಗಿದು, ಬೀಜ ಹಾಕದೆ, ಕೈಬೆರಳಿನ ಬಲದಲ್ಲಿ ಒಂದೇ ಸುತ್ತು ತಿರುಗಿಸಿ. ಕೂಡಲೆ ನಟ್ಟನ್ನು ಸಡಿಲಿಸಿ, ಬಿಚ್ಚಿ ನೋಡಿ.

(ಅ) ಎರಡರಲ್ಲಿಯೂ ಸುತ್ತಲೂ ಬಣ್ಣ ಅಳಿಸಿದ್ದರೆ ಮಿಲ್ಲು ಸರಿಯಾಗಿದೆ.

(ಆ) ಬಳೆಯಲ್ಲಿ ಒಂದೇ ಕಡೆ ಅಳಿಸಿದ್ದರೆ ಬಳೆ ವಾರೆಯಾಗಿ ಕುಳಿತಿದೆ. ಅಳಿಸಿದ ಕಡೆ ಬಳೆಯು ಶಂಕುವಿಗೆ ಹತ್ತಿರವಾಗಿದೆ ಎಂದು ಅರ್ಥ. ಬಳೆಯ ಸ್ಕ್ರೂಗಳನ್ನು ಸಡಿಲಿಸಿ, ಅಳಿಸಿದ ಜಾಗದ ಎದುರು ಬದಿಯಲ್ಲಿ, ಬಳೆಗೂ ಗೂಡಿಗೂ ನಡುವೆ, ಅಲ್ಯೂಮಿನಿಯಂ ಹಾಳೆಯ ಒಂದು ಪಟ್ಟಿ ಸೇರಿಸಿ ಮತ್ತೆ ಬಿಗಿಯಿರಿ. ಹಾಳೆಯ ಒಂದು ಪದರವು ಒಂದು ಮಿ.ಮೀ.ನ ನೂರನೆಯ ಒಂದೆರಡು ಭಾಗದಷ್ಟೇ ದಪ್ಪ. ಆದ್ದರಿಂದ ಒಂದೊಂದೇ ಪದರ ಹಾಕಿ ಮತ್ತೆ ಮತ್ತೆ ಪರೀಕ್ಷಿಸಿ.

(ಇ) ಬಳೆಯಲ್ಲಿ ಸುತ್ತಲೂ ಅಳಿಸಿ, ಶಂಕುವಿನಲ್ಲಿ ಮಾತ್ರ ಒಂದೇ ಕಡೆ ಅಳಿಸಿದ್ದರೆ ತಪ್ಪು ಶಂಕುವಿನದು. ಅದಕ್ಕೆ ಹಾಳೆ ಉಪಯೋಗವಿಲ್ಲ. ಶಂಕುವನ್ನು ದಂಡದ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಿ.

ಕೊನೆಗೆ ಬಣ್ಣವನ್ನೆಲ್ಲ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ.

ನಾಲ್ಕನೆಯ ಹಂತ: ಮೆಟ್ಟಿಲನ್ನು ತೆಗೆಯುವುದು. ಶಂಕುವಿನ ಅಡಿಯಲ್ಲಿರುವ ಎರಡು ಉಬ್ಬುಗಳು ಚಕ್ರನಟ್ಟಿನ ಗುಳಿಯಲ್ಲಿ ಕೂರುವುದರಿಂದಲೇ ‘ಟಿಕ್’ ಸದ್ದು ಬರುವುದು. ಇವೆರಡರ ನಡುವೆ, ಗುಳಿಗಳೆಲ್ಲ ಮುಚ್ಚುವಷ್ಟು ಅಗಲದ ಚಪ್ಪಟೆ ವಾಷರನ್ನು ಇಡಿರಿ. ಈಗ ಚಕ್ರ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಅರದಿಂದ ಏನನ್ನೂ ಉಜ್ಜಿ ತೆಗೆಯಬೇಕಾಗಿಲ್ಲ; ಬೇಡವೆನಿಸಿದರೆ ವಾಷರ್ ತೆಗೆದರಾಯಿತು.

ಆದರೆ ಎಲ್ಲಿ ಬೇಕಾದರೂ ನಿಲ್ಲುವ ಚಕ್ರ ಅರೆಯುವಾಗ ತಾನಾಗಿ ಜಾರಲೂ ಬಹುದು. ಅದಕ್ಕಾಗಿ ಕೆಳಗಿನಿಂದ ಎರಡನೆಯ ನಟ್ಟನ್ನು ಹಾಕಿ ಮೊದಲನೆಯದಕ್ಕೆ ಒತ್ತಿ ಬಿಗಿಯಿರಿ. ಪಂಪಿನಲ್ಲೂ ಪಲ್ಪರಿನಲ್ಲೂ ಜೋಡಿನಟ್ಟು ಹಾಕುವ ಕಾರಣವೇ ಇಲ್ಲಿಯದೂ. ಬಿಗಿಯುವಾಗ ಮೊದಲ ನಟ್ಟು ಕದಲದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಎರಡನೆಯ ನಟ್ಟಿಗೆ ದಂಡದಲ್ಲಿ ಜಾಗ ಉಳಿಯದಿದ್ದರೆ ಈ ಹಂತವನ್ನು ಕೈಬಿಡುವುದೇ ಲೇಸು. ಅರ್ಧಂಬರ್ಧ ಹಿಡಿದ ನಟ್ಟು ಕಳಚಿ ಬೀಳುತ್ತದೆ.

ಐದನೆಯ ಹಂತ: ಗುರುತು ಹಾಕುವುದು. ನಮ್ಮಲ್ಲಿಗೆ ಬಂದ ಮಿಲ್ಲಿನ ಚಕ್ರದ ಸುತ್ತಳತೆ 72 ಮಿ.ಮೀ. ಇತ್ತು. ಎರಡು ಮಿ.ಮೀ.ಗೆ ಒಂದರಂತೆ ಅರದ ಅಂಚಿನಿಂದ 36 ಗೆರೆ ಕೊರೆದು, ಲೋಹದ ಪುಡಿಯನ್ನು ಪೂರ್ತಿ ಒರೆಸಿದೆವು. ಶಂಕುವಿನ ಅಡಿಯಲ್ಲಿ ಒಂದು ಗೆರೆ ಹಾಕಿದೆವು. ಹಲ್ಲುಗಳು ತಾಗುವ ಜಾಗವೇ ಸೊನ್ನೆ; ಅಲ್ಲಿಂದ ಸಡಿಲಿಸಿದ ಗೆರೆಗಳನ್ನು ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೊಸದಾಗಿ ಜೋಡಿಸಿದ ಮಿಲ್ಲಿನಲ್ಲಿ ಮೊದಲು ಒಂದು ಹಿಡಿ ಬೀಜ ಅರೆದು ಆ ಪುಡಿಯನ್ನು ಎಸೆಯಿರಿ.

ಪರೀಕ್ಷೆಯ ಫಲ

ಬೀಜವನ್ನು ಹುರಿದು ಒಂದು ವಾರ ಮುಚ್ಚಿಟ್ಟಿದ್ದೆವು. ಹುರಿದ ಮರುದಿನವೇ ಇಳಿಸಿದರೆ ಬೀಜದೊಳಗಿನ ಅನಿಲವು ಸಿಡಿದು ಅಳತೆ ಕೆಡಿಸುತ್ತದೆ. ಪ್ರತಿ ಸಲವೂ ಪುಡಿ 16 ಗ್ರಾಂ, ಇಳಿದ ಕಾಫಿ 32 ಗ್ರಾಂ. ಸಮಯವನ್ನು ಮಾತ್ರ ಗಮನಿಸಿದೆವು.

ಹಳೆಯ ಮೆಟ್ಟಿಲುಗಳ ಲೆಕ್ಕದಲ್ಲಿ ಐದನೆಯದು 14 ಸೆಕೆಂಡಿಗೆ ಸುರಿದುಹೋಯಿತು, ಹುಳಿ. ನಾಲ್ಕನೆಯದು 55 ಸೆಕೆಂಡು ತೊಟ್ಟಿಕ್ಕಿತು, ಕಹಿ. ಸದಸ್ಯರು ಮನೆಯಲ್ಲಿ ಕುಡಿದದ್ದು ಇವೆರಡನ್ನೇ. ಇವೆರಡರ ನಡುವಿನ ಹೊಸ ಗೆರೆಗಳಲ್ಲಿ ಒಂದರ ಮೇಲೆ ನಿಲ್ಲಿಸಿದಾಗ 28 ಸೆಕೆಂಡಿಗೆ ಇಳಿಯಿತು. ದಪ್ಪ ನೊರೆ, ತುಂಬಿದ ಮೈ, ಹುರಿದ ಕಡಲೆಯಂಥ ಪರಿಮಳ, ನುಂಗಿದ ಮೇಲೆ ನಾಲಗೆಯ ಮೇಲೆ ಒರಟಿಲ್ಲ. ಸದಸ್ಯರು ಲೋಟವನ್ನು ಕೆಳಗಿಟ್ಟು ಬಹಳ ಹೊತ್ತು ಮಾತನಾಡಲಿಲ್ಲ. “ಇದು ನಮ್ಮ ತೋಟದ್ದೇ ಹೌದಾ?” ಎಂದು ಕೇಳಿದರು.

ಎರಡನೆಯ ಚೀಲದ ಮಾದರಿಯನ್ನೂ ಅದೇ ಗೆರೆಯಲ್ಲಿ ಅರೆದೆವು. ಸಮಯ ಸರಿಯಾಗಿಯೇ ಬಂತು. ಆದರೆ ಮೊದಲ ಗುಟುಕಿಗೇ ಬೂಷ್ಟಿನ ವಾಸನೆ ಹೊಡೆಯಿತು. ವಿಚಾರಿಸಿದಾಗ, ಕಣದಲ್ಲಿ ಹರಡಿದ್ದಾಗ ಅಕಾಲ ಮಳೆ ಬಂದು, ಎರಡು ರಾತ್ರಿ ರಾಶಿ ಹಾಕಿ ಮುಚ್ಚಿಟ್ಟಿದ್ದ ಮಾಲು ಅದೆಂದು ತಿಳಿಯಿತು. ಎರಡನ್ನೂ ಬೆರೆಸಿ ಒಂದೇ ಲಾಟು ಮಾಡಿ ಕಳುಹಿಸುವ ಯೋಚನೆ ಅವರಿಗಿತ್ತು. ಬೆರೆಸಿದ್ದರೆ ಕೆಟ್ಟದ್ದು ಒಳ್ಳೆಯದನ್ನೂ ಕೆಡಿಸುತ್ತಿತ್ತು. ಎರಡಕ್ಕೂ ಕೆಟ್ಟದ್ದರ ಬೆಲೆಯೇ ಸಿಗುತ್ತಿತ್ತು. ಅವರು ಬೇರೆ ಬೇರೆಯಾಗಿಯೇ ಕಳುಹಿಸಿದರು. ಪಲ್ಪರ್ ಮೂಲೆ ಸೇರಲಿಲ್ಲ. ಕಣಕ್ಕೆ ಒಂದು ಹೊಸ ಟಾರ್ಪಾಲು ಬಂತು.

ರುಚಿಯನ್ನು ಓದುವ ಬಗೆ

ಎಸ್ಪ್ರೆಸೊ ಗಟ್ಟಿಯಾದದ್ದು; ಫಿಲ್ಟರಿನಲ್ಲಿ ಹಾಲು, ಸಕ್ಕರೆ, ಚಿಕೋರಿಗಳ ಮರೆಯಲ್ಲಿ ಅಡಗಿಕೊಳ್ಳುವ ದೋಷವೂ ಇದರಲ್ಲಿ ಎದ್ದು ಕಾಣುತ್ತದೆ. ಗೆರೆ ಬದಲಿಸಿದರೆ ಹೋಗುವ ದೋಷ ಮಿಲ್ಲಿನದು ಅಥವಾ ಕಾಫಿ ಇಳಿಸಿದ ರೀತಿಯದು. ಯಾವ ಗೆರೆಗೂ ಹೋಗದ ದೋಷವನ್ನು ಕಣದಲ್ಲಿ ಹುಡುಕಬೇಕು. ಒಗರು ಹೋಗದಿದ್ದರೆ ಕಾಯಿ, ಅರೆಹಣ್ಣು ಕೊಯ್ದಿರಬಹುದು. ಕೊಳೆತ ಹಣ್ಣಿನ ವಾಸನೆ ಬಂದರೆ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಹುಳಿತಿರಬಹುದು. ಮಣ್ಣಿನ ವಾಸನೆ ಬಂದರೆ ಒಣಗಿಸಿದ ಕಣವನ್ನು ನೋಡಿ. ಹೊಗೆಯ ವಾಸನೆ ಬಂದರೆ ಚೀಲ ಇಟ್ಟ ಜಾಗ ಬಚ್ಚಲೊಲೆಗೆ ಎಷ್ಟು ದೂರವಿದೆ ಎಂದು ನೋಡಿ.

ಎಚ್ಚರಿಕೆಗಳು

ಮಿಲ್ಲಿಗೆ ಚಿಕೋರಿ ಹಾಕಬೇಡಿ. ಹಲ್ಲುಗಳು ತಾಗಿರುವಾಗ ಬರಿದೆ ತಿರುಗಿಸಬೇಡಿ. ಯಂತ್ರಕ್ಕೆ ಬಳಸುವ ಎಣ್ಣೆ, ಗ್ರೀಸು, ಅಂಟು ಯಾವುದೂ ಬೀಜದ ಹಾದಿಯಲ್ಲಿ ಇರಕೂಡದು. ಬೇಗ ಮುಗಿಯಲೆಂದು ವಿದ್ಯುತ್ ಡ್ರಿಲ್ ಜೋಡಿಸಬೇಡಿ. ಅಗ್ಗದ ಮಿಲ್ಲಿನ ಪ್ಲಾಸ್ಟಿಕ್ ಭಾಗಗಳು ಆ ಬಲವನ್ನು ತಡೆಯಲಾರವು. ಅರೆಯುವ ಮುನ್ನ ಬೀಜವನ್ನು ಹರಡಿ ಕಲ್ಲು ಆರಿಸಿ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇವೆ. ನಮ್ಮ ಸ್ವಂತದ ಮೊದಲ ಮಿಲ್ಲು ಸೆರಾಮಿಕ್ ಹಲ್ಲಿನದು. ಕಾಳಿನಷ್ಟು ಗಾತ್ರದ ಒಂದು ಕಲ್ಲು ಸಿಕ್ಕಿ ಅದರ ಹಲ್ಲು ಮುರಿಯಿತು. ಕಲ್ಲು ಪರರದ್ದಲ್ಲ, ನಮ್ಮ ಕಣದ್ದೇ! ಕೊಂಡವರ ಮಿಲ್ಲಿಗೆ ಎಷ್ಟು ಕಲ್ಲು ಕಳುಹಿಸಿದ್ದೇವೋ ಎಂದು ಅಂದು ನಾಚಿಕೆಯಾಯಿತು.

ಇಷ್ಟೆಲ್ಲ ಮಾಡಿದರೂ ಅಗ್ಗದ ಮಿಲ್ಲು ದೊಡ್ಡ ಕಾಫಿ ಅಂಗಡಿಯ ಮಿಲ್ಲಿಗೆ ಸಮನಾಗದು. ಮನೆಯ ಪರೀಕ್ಷೆ ತಜ್ಞರ ರುಚಿ ಪರೀಕ್ಷೆಗೆ ಬದಲಿಯೂ ಅಲ್ಲ. ಆದರೆ ತನ್ನ ಮಾಲನ್ನು ತಾನೇ ಬಲ್ಲವನು ಬೆಲೆಯ ಮಾತಿಗೆ ಕುಳಿತಾಗ ಬರಿದೆ ತಲೆಯಾಡಿಸುವುದಿಲ್ಲ. ಎಸ್ಪ್ರೆಸೊ ಯಂತ್ರವಿಲ್ಲದವರೂ ನಿರಾಶರಾಗಬೇಕಿಲ್ಲ. ಎರಡನೆಯ, ಮೂರನೆಯ ಹಂತಗಳನ್ನು ಮಾಡಿದ ಮಿಲ್ಲಿನ ಪುಡಿ ಫಿಲ್ಟರಿಗೂ ಮೇಲು.

ಮನನಕ್ಕೆ ಪ್ರಶ್ನೆಗಳು

1. ಒಂದೇ ಕಪ್ಪಿನಲ್ಲಿ ಹುಳಿ, ಕಹಿ ಎರಡೂ ಬಂದರೆ ಮೊದಲು ಏನನ್ನು ಪರೀಕ್ಷಿಸಬೇಕು? ಏಕೆ?

2. ನಿಮ್ಮ ಮಿಲ್ಲಿನ ನಟ್ಟು ಹತ್ತು ಸುತ್ತಿಗೆ 8 ಮಿ.ಮೀ. ಸರಿದು, ಚಕ್ರದಲ್ಲಿ 10 ಗುಳಿಗಳಿದ್ದರೆ, ಒಂದು ಮೆಟ್ಟಿಲಿಗೆ ಶಂಕು ಎಷ್ಟು ಏರುತ್ತದೆ? (ಉತ್ತರ: 0.08 ಮಿ.ಮೀ.)

3. ಬಳೆಯ ಪೂರ್ವ ಬದಿಯಲ್ಲಿ ಮಾತ್ರ ಬಣ್ಣ ಅಳಿಸಿದ್ದರೆ ಹಾಳೆಯನ್ನು ಯಾವ ಬದಿಯಲ್ಲಿ ಸೇರಿಸಬೇಕು? (ಉತ್ತರ: ಪಶ್ಚಿಮ ಬದಿಯಲ್ಲಿ.)

4. ಈ ಸಲದ ಕೊಯ್ಲಿನಲ್ಲಿ ಮಳೆಗೆ ಸಿಕ್ಕಿದ ಮಾಲನ್ನು ನೀವು ಬೇರೆ ಇಟ್ಟಿದ್ದೀರಾ?

ನಾಲ್ಕನೆಯ ಪ್ರಶ್ನೆಗೆ ಉತ್ತರ ನಿಮ್ಮ ಕಣದಲ್ಲಿದೆ. ಹದಗೊಳಿಸಿದ ಮಿಲ್ಲೊಂದನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಗೊಬ್ಬರಕ್ಕೋ ಸುಣ್ಣಕ್ಕೋ ಬರುವಾಗ ನಿಮ್ಮ ತೋಟದ ಹುರಿದ ಬೀಜ ಕಾಲು ಕಿಲೋ ತನ್ನಿರಿ. ಲಾಟಿನ ಹೆಸರು ಮತ್ತು ಒಣಗಿಸಿದ ದಿನಗಳನ್ನು ಚೀಟಿಯಲ್ಲಿ ಬರೆದು ತನ್ನಿರಿ. ಕುಳಿತು ಒಟ್ಟಿಗೆ ಕುಡಿಯೋಣ. ಸಕ್ಕರೆ ಮಾತ್ರ ಕೇಳಬೇಡಿ.

— ಕಾರ್ಯದರ್ಶಿ